ಸವೆದದ್ದು ಬಲಗಡೆ

"ಮೇಡಂ, ದುಪಟ್ಟಾ ಹಾಳಾಗುತ್ತೆ. ಒಳಗೆಲ್ಲ ಗ್ರೀಸು," ಎಂದರು ಶಾಮಸುಂದರ.

ಸುಮಿತ್ರಾ ಆ ಪುಟ್ಟ ಕಾರಿನೊಳಗೆ ಅರ್ಧ ಮೈ ತೂರಿಸಿ, ಮಂಡಿಯೂರಿ, ನೆಲದ ರಬ್ಬರ್ ಹಾಸನ್ನು ಬೆರಳಿನಿಂದ ತಡವುತ್ತಿದ್ದಳು.

ಸ್ಟಿಯರಿಂಗ್ ಇದ್ದದ್ದು ಎಡಗಡೆ. ಪೆಡಲುಗಳೂ ಎಡಗಡೆ. ಆದರೆ ಎಡಗಡೆಯ ಹಾಸಿನ ಮೇಲೆ ಅಚ್ಚಿನ ಗೆರೆಗಳು ಇನ್ನೂ ಎದ್ದು ಕಾಣುತ್ತಿದ್ದವು. ಬಲಗಡೆಯ ಹಾಸಿನಲ್ಲಿ, ಹಿಮ್ಮಡಿ ಊರುವ ಜಾಗದಲ್ಲಿ, ಒಂದು ಗುಳಿ. ಯಾರೋ ವರ್ಷಗಟ್ಟಲೆ ಅಲ್ಲೇ ಕಾಲಿಟ್ಟು ಸವೆಸಿದ ಗುಳಿ.

ಬಲಗಡೆಯ ಕಿಟಕಿಯ ಅಂಚು ನೋಡಿದಳು. ಮೊಣಕೈ ಇಡುವಲ್ಲಿ ಬಣ್ಣ ಹೋಗಿ ತಗಡು ಹೊಳೆಯುತ್ತಿತ್ತು. ಎಡಗಡೆಯ ಅಂಚಿನಲ್ಲಿ ಬಣ್ಣ ಹಾಗೇ ಇತ್ತು.

ಈ ಕಾರನ್ನು ಹಿಂದೆಯೂ ನೋಡಿದ್ದೆ, ಇದು ಕಣ್ಣಿಗೇ ಬೀಳಲಿಲ್ಲವಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

"ಇದನ್ನು ಓಡಿಸುತ್ತಿದ್ದವರು ಬಲಗಡೆ ಕೂರುತ್ತಿದ್ದರು," ಎಂದಳು.

"ಜಪಾನ್ ಗಾಡಿ ಅಲ್ವಾ ಮೇಡಂ. ಅಲ್ಲೂ ನಮ್ಮೂರ ಥರಾನೇ ಬಲಗಡೆ ಸ್ಟಿಯರಿಂಗು. ಇಲ್ಲಿ ರಸ್ತೆಗಿಳೀಬೇಕು ಅಂದ್ರೆ ಎಡಕ್ಕೆ ಹಾಕಿಸ್ಬೇಕು. ಈ ಶೆಡ್ಡಲ್ಲಿ ನಡೆಯೋದೇ ಆ ಕೆಲಸ. ಆ ಬಾಗಿಲಲ್ಲಿ ಬಲಗಡೆಯವು ಬರ್ತವೆ, ಈ ಬಾಗಿಲಲ್ಲಿ ಎಡಗಡೆಯವಾಗಿ ಹೋಗ್ತವೆ."

ಅಬುಧಾಬಿ ಹೊರವಲಯದ ಬನಿಯಾಸ್‌ನ ಇದೇ ಶೆಡ್ಡಿನಲ್ಲಿ, ಆಗಸ್ಟ್ ತಿಂಗಳ ಒಂದು ಶುಕ್ರವಾರ, ಇದೇ ಸುಬಾರು ೩೬೦ ಕಾರಿನೊಳಗೆ ಮೆಕ್ಯಾನಿಕ್ ಫೆಲಿಕ್ಸ್ ಪಾಯ್ಸ್ ಇಂಜಿನ್ನಿನ ಹೊಗೆ ಕುಡಿದು ಸತ್ತಿದ್ದ. ಶನಿವಾರ ಬೆಳಿಗ್ಗೆ ಶಟರ್ ಎತ್ತಿ ಹೆಣ ನೋಡಿದವರು ಶೆಡ್ಡಿನ ಸೂಪರ್‌ವೈಸರ್ ಶಾಮಸುಂದರ. ಆಕಸ್ಮಿಕ ಎಂದು ಪೊಲೀಸರು ಮುಗಿಸಿದ್ದರು. ಅಬುಧಾಬಿಯ ನಮ್ಮ ಜನ ಮಾತ್ರ ದನಿ ತಗ್ಗಿಸಿ ಆತ್ಮಹತ್ಯೆ ಎನ್ನುತ್ತಿದ್ದರು. ಈಗ ಆ ಎರಡರಲ್ಲಿ ಒಂದನ್ನು ಬರೆದು ಸಹಿ ಹಾಕುವ ಕೆಲಸ ಇನ್ಶೂರೆನ್ಸ್ ಕಂಪನಿಯ ತನಿಖೆಗಾರ್ತಿ ಸುಮಿತ್ರಾಳ ಪಾಲಿಗೆ ಬಂದಿತ್ತು.

"ಇದನ್ನು ಎಡಕ್ಕೆ ಹಾಕಿದ್ದು ಫೆಲಿಕ್ಸೇನಾ?"

"ಅವನಾ! ಅವನು ಮುಟ್ಟೋಕೇ ಬಿಡ್ತಿರಲಿಲ್ಲ. ಅರ್ಬಾಬ್, ನಮ್ಮ ಮಾಲೀಕರು, ಹೇಳಿ ಹೇಳಿ ಸಾಕಾದ್ರು. ‘ಇದನ್ನ ಎಡಕ್ಕೆ ಹಾಕಿದ್ರೆ ಇದರ ಕಥೆಯೇ ಖಲಾಸ್’ ಅಂತಿದ್ದ. ಅವನು ಹೋದ ಮೇಲೆ ಗೇಬ್ರಿಯಲ್ ಹಾಕಿದ್ದು. ಫೆಲಿಕ್ಸನ ಭಾಮೈದ, ಹಿಂದುಗಡೆ ಕೆಲಸ ಮಾಡ್ತಾನಲ್ಲ."

ಸುಮಿತ್ರಾ ನಿಧಾನವಾಗಿ ಹೊರಗೆ ಬಂದು ನಿಂತಳು.

"ಅವರು ಹೋದ ಮೇಲೆ?"

"ಹೌದು. ಅರ್ಬಾಬ್ ರಜೆಯಿಂದ ಬಂದ ಮೇಲೆ."

"ಹಾಗಾದರೆ ಆ ಶನಿವಾರ ನೀವು ನೋಡಿದಾಗ ಸ್ಟಿಯರಿಂಗ್ ಬಲಗಡೆ ಇತ್ತು."

"ಇತ್ತು."

"ಫೆಲಿಕ್ಸ್ ಎಲ್ಲಿ ಕೂತಿದ್ದರು?"

"ಡ್ರೈವರ್ ಸೀಟಲ್ಲಿ. ಪೊಲೀಸರಿಗೂ ಅದನ್ನೇ ಹೇಳಿದ್ನಲ್ಲ ಮೇಡಂ."

"ಅವರನ್ನು ಹೇಗೆ ಹೊರಗೆ ತೆಗೆದಿರಿ? ಮಾಡಿ ತೋರಿಸಿ."

ಶಾಮಸುಂದರ ಒಂದು ಕ್ಷಣ ಹಿಂಜರಿದರು. ಆಮೇಲೆ ಕಾರನ್ನು ಸುತ್ತಿ ಹೋಗಿ ಹಿಡಿ ತಿರುಗಿಸಿದರು. ಆ ಕಾರಿನ ಬಾಗಿಲು ಎಲ್ಲ ಕಾರುಗಳಂತೆ ಮುಂದಕ್ಕೆ ತೆರೆಯುವುದಿಲ್ಲ, ಕೀಲು ಹಿಂದಿರುವುದರಿಂದ ಹಿಂದಕ್ಕೆ ತೆರೆಯುತ್ತದೆ. ಬಾಗಿದರು. ಎರಡು ಕೈಗಳನ್ನೂ ಮುಂದಕ್ಕೆ ಚಾಚಿದರು.

"ಹೀಗೆ ಕಂಕುಳಿಗೆ ಕೈ ಹಾಕಿ ಎಳೆದೆ. ಕೆಳಗೆ ಮಲಗಿಸಿ ಮುಖಕ್ಕೆ ನೀರು ಹಾಕಿದೆ. ಪೊಲೀಸರು ಬಂದಾಗ ಅವನು ಇಲ್ಲೇ ನೆಲದ ಮೇಲೆ..."

ಮಾತು ನಿಂತಿತು. ಅವರು ನಿಂತದ್ದು ಎಡಗಡೆಯ ಬಾಗಿಲಿನ ಮುಂದೆ.

"ಅಯ್ಯೋ ರಾಮ," ಎಂದರು ಮೆಲ್ಲಗೆ. "ಎಡಗಡೆ ಇದ್ದ ಮೇಡಂ. ದಿನಾ ನೋಡೋ ಗಾಡಿಗಳಲ್ಲೆಲ್ಲ ಡ್ರೈವರ್ ಈ ಕಡೆ ಅಲ್ವಾ ಕೂರೋದು. ಹಾಗೇ ಬಾಯಿಗೆ ಬಂದ್ಬಿಡ್ತು."

ಈ ದೇಶಕ್ಕೆ ಬಂದು ವರ್ಷಗಳಾದ ಯಾರ ಬಾಯಿಗಾದರೂ ಹಾಗೇ ಬರುತ್ತಿತ್ತು. ಪೊಲೀಸರು ನೋಡಿದ್ದು ನೆಲದ ಮೇಲಿನ ಹೆಣವನ್ನು. ಅನುಮಾನಪಡಲು ಅವರಿಗೆ ಕಾರಣವಿರಲಿಲ್ಲ.

ಹಾಗಾದರೆ ಸ್ಟಿಯರಿಂಗಿನ ಮುಂದೆ ಕೂತಿದ್ದವರು ಯಾರು?

"ನೀವು ಅವತ್ತು..."

"ನಾನು ದುಬೈಯ ಮಿರ್ದಿಫ್‌ನಲ್ಲಿ, ಮನೇಲಿ. ಗುರುವಾರವೇ ಹೋಗಿದ್ದೆ. ನನ್ನ ಅಕ್ಕ ಬಿಂದು ಊರಿಂದ ಬಂದಿದ್ರು. ಶನಿವಾರ ಬೆಳಿಗ್ಗೆ ಇಲ್ಲಿಗೆ ಬಂದವನೇ ಇದನ್ನ ನೋಡ್ಬೇಕಾಗಿ ಬಂತು." ಶಾಮಸುಂದರ ಕರ್ಚೀಫಿನಿಂದ ಕತ್ತು ಒರೆಸಿಕೊಂಡರು. "ಕಾಫಿ ಕೊಡ್ಲಾ ಮೇಡಂ? ಊರಿಂದ ಪುಡಿ ತಂದಿದೀನಿ. ನಿಮ್ಮ ಮುಖ ನೋಡಿದ್ರೆ ನೀವೂ ನಮ್ಮ ಮೈಸೂರಿನೋರ ಥರ ಕಾಫಿ ಇಲ್ದೆ ತಲೆ ಓಡದೋರು."

ಅವಳು ಮೊದಲ ಸಲ ನಕ್ಕಳು. ಅವರು ಹಾಗೇ. ದುಃಖದ ನಡುವೆ ಒಂದು ಲೋಟ ಕಾಫಿ ಇಡಬಲ್ಲವರು. ಫ್ಲಾಸ್ಕಿನಿಂದ ಬಗ್ಗಿಸುತ್ತಾ ಕಾರಿನ ಬೆನ್ನು ತಟ್ಟಿದರು.

"ಗಾತ್ರ ನೋಡಿ ಮೋಸ ಹೋಗ್ಬೇಡಿ. ಸದ್ದು ಕೇಳ್ಬೇಕು ಇದರದ್ದು. ಸರಸ್ವತಿಪುರದಲ್ಲಿದ್ದಾಗ ನನ್ನ ಹತ್ರ ಒಂದು ಹಳೇ ಚೇತಕ್ ಇತ್ತು. ಥೇಟ್ ಅದೇ. ಮೊದ್ಲು ಕೆಮ್ಮಿ ಕೆಮ್ಮಿ, ಆಮೇಲೆ ಹಿಡ್ಕೊಳ್ಳುತ್ತೆ."

ಆಗ ಅವಳ ಮೊಬೈಲ್ ಬಡಿದುಕೊಂಡಿತು. ಆಫೀಸಿನಿಂದ ನಂದನ್, ಅವಳ ಮ್ಯಾನೇಜರ್.

"ಸುಮಿತ್ರಾ, ಆ ಫೈಲು ಇನ್ನೂ ನಿಮ್ಮ ಹತ್ರಾನೇ ಇದೆ. ಶಟರ್ ಕೆಳಗಿತ್ತು, ಕೀ ಆನ್ ಇತ್ತು, ಮನುಷ್ಯ ಮೆಕ್ಯಾನಿಕ್. ಮುಚ್ಚಿದ ಶೆಡ್ಡಲ್ಲಿ ಹೊಗೆ ಕೊಲ್ಲುತ್ತೆ ಅಂತ ಮೆಕ್ಯಾನಿಕ್‌ಗೆ ಗೊತ್ತಿರಲ್ವಾ? ಶಟರ್ ಎಳ್ಕೊಂಡೋನು ಅವನೇ. ಒಂದು ಪದ ಬರೆಯೋಕೆ ಎಷ್ಟು ದಿನ?"

"ಆ ಒಂದು ಪದವನ್ನು ಅವರ ಹೆಂಡತಿ ಬದುಕಿರುವವರೆಗೂ ಓದಬೇಕು ಸರ್."

"ನಾಳೆ ಬೆಳಿಗ್ಗೆ ನನ್ನ ಟೇಬಲ್ ಮೇಲಿರಲಿ."

ಲೈನ್ ಕಡಿಯಿತು. ಹಮ್ದಾನ್ ಸ್ಟ್ರೀಟಿನ ಮನೆಯಲ್ಲಿ ಫೆಲಿಕ್ಸನ ಹೆಂಡತಿ ಸಿಸಿಲಿಯಾ ಮೊದಲ ದಿನ ಕೇಳಿದ್ದ ಮಾತು ಸುಮಿತ್ರಾಳಿಗೆ ನೆನಪಾಯಿತು. ಆಸ್ಪತ್ರೆಯ ನರ್ಸ್ ಆಕೆ. ಇಷ್ಟು ವರ್ಷ ಎಷ್ಟೋ ಸಾವುಗಳನ್ನು ಕಂಡವಳು. ಬೇರೇನೂ ಕೇಳಿರಲಿಲ್ಲ. "ಅವರು ನನ್ನನ್ನು ಬಿಟ್ಟು ಹೋದದ್ದಾ ಮೇಡಂ, ಅಲ್ಲ ಹೋಗಬೇಕಾಗಿ ಬಂದದ್ದಾ? ಅಷ್ಟು ಹೇಳಿ ಸಾಕು. ಚರ್ಚಿನಲ್ಲಿ ಗೆಳತಿ ರೊಸಲಿನ್ ಕೂಡ ನನ್ನ ಹತ್ತಿರ ಕೂರುವುದು ಬಿಟ್ಟಿದ್ದಾಳೆ."

ಕಾಫಿ ಮುಗಿಸಿ ಇಬ್ಬರೂ ಹೊರಗೆ ಬಂದರು. ಬಿಸಿಲು ಮುಖಕ್ಕೆ ರಾಚಿತು. ಶಾಮಸುಂದರ ಗೋಡೆಗೆ ಒರಗಿಸಿದ್ದ ಕೊಕ್ಕೆ ಕೋಲನ್ನು ತೆಗೆದುಕೊಂಡು, ಊರಿನಲ್ಲಿ ಈ ಸಲ ಮಳೆ ಹೇಗಿದೆಯಂತೆ ಎಂದು ವಿಚಾರಿಸುತ್ತಾ, ತಲೆ ಕೂಡ ಎತ್ತದೆ ಶಟರಿಗೆ ಕೊಕ್ಕೆ ಸಿಕ್ಕಿಸಿ ಒಂದೇ ಸಲ ಎಳೆದರು. ಗಡಗಡ ಸದ್ದು ಮಾಡುತ್ತಾ ಅದು ನೆಲಕ್ಕೆ ಬಿತ್ತು.

"ತೆರೆದಿಟ್ರೆ ಮರಳು ನುಗ್ಗುತ್ತೆ ಮೇಡಂ. ಅರ್ಬಾಬ್ ಗಾಡಿಗಳ ಮೇಲೆ ಒಂದು ಕಾಳು ಧೂಳು ಕಂಡ್ರೂ ನಂಗೇ ಬೈಗುಳ."

*

ಶೆಡ್ಡಿನ ಹಿಂದೆ ತಗಡಿನ ಮಾಡಿನ ಕೆಳಗೆ ಗೇಬ್ರಿಯಲ್ ಒಂದು ಪಿಕಪ್ಪಿನ ಅಡಿಯಲ್ಲಿ ಮಲಗಿದ್ದ. ಸುಮಿತ್ರಾಳ ಚಪ್ಪಲಿ ಕಂಡು ಅಲ್ಲಿಂದಲೇ ಕೇಳಿದ.

"ಎಂತ ಮೇಡಂ, ಇನ್ನೂ ಮುಗಿಲಿಲ್ವಾ ನಿಮ್ಮದು?"

"ಹೊರಗೆ ಬನ್ನಿ ಗೇಬ್ರಿಯಲ್."

"ಕಾಲಿನ ಹತ್ರ ಮಾತಾಡಿದ್ರೂ ಕಿವಿಗೆ ಕೇಳ್ತದೆ. ಹೇಳಿ."

"ನಿಮ್ಮ ಭಾವ ಬೇಡ ಅಂದದ್ದನ್ನು ಅವರು ಸತ್ತ ಮೇಲೆ ಯಾಕೆ ಮಾಡಿದಿರಿ?"

ಸ್ಪಾನರಿನ ಸದ್ದು ನಿಂತಿತು. ಅವನು ಜಾರಿಕೊಂಡು ಹೊರಬಂದು ಎದ್ದು ಕೂತ. ಮೂವತ್ತೈದರ ಆಸುಪಾಸು. ಅಕ್ಕನದೇ ಕಣ್ಣುಗಳು.

"ಅರ್ಬಾಬ್ ಹೇಳಿದ್ರು, ಮಾಡಿದೆ. ನನ್ನ ವೀಸಾ ಅವರ ಕೈಯಲ್ಲುಂಟು. ನಿಮ್ಮ ಬಾಸ್ ಹೇಳಿದ್ರೆ ನೀವು ಮಾಡುದಿಲ್ವಾ?"

ಮಾತು ಅವಳಿಗೆ ನಾಟಿತು. ಆದರೂ ಬಿಡಲಿಲ್ಲ.

"ಫೆಲಿಕ್ಸ್ ಸತ್ತಾಗ ಕೂತಿದ್ದದ್ದು ಎಡಗಡೆ. ಸ್ಟಿಯರಿಂಗ್ ಇದ್ದದ್ದು ಬಲಗಡೆ. ಅಲ್ಲಿ ಇನ್ನೊಬ್ಬರು ಇದ್ದರು. ನೀವು ಅದನ್ನು ಎಡಕ್ಕೆ ತಂದಿರಿ, ಆ ಇನ್ನೊಬ್ಬರು ಮಾಯವಾದರು. ಎಷ್ಟು ಸುಲಭವಾಗಿ ಅಳಿಸಿದಿರಿ."

"ಅಂದ್ರೆ?"

"ಅಂದರೆ ಬಲಗಡೆ ಕೂತಿದ್ದವರು ಯಾರು ಅಂತ ನಿಮಗೆ ಗೊತ್ತು. ಅಥವಾ ನೀವೇ."

ಸ್ಪಾನರ್ ಗೋಡೆಗೆ ಬಡಿದು ಕೆಳಗೆ ಬಿತ್ತು. ಪಕ್ಕದಲ್ಲಿ ಟಯರ್ ಜೋಡಿಸುತ್ತಿದ್ದ ಇಬ್ಬರು ತಿರುಗಿ ನೋಡಿದರು.

"ನಾನು ಕೊಂದೆ ಅಂತ ಹೇಳಿ, ಸೀದ ಹೇಳಿ! ನನ್ನನ್ನು ಇಲ್ಲಿಗೆ ಕರಕೊಂಡು ಬಂದವರು ಅವರು. ಕೈ ಹಿಡಿದು ಕೆಲಸ ಕಲಿಸಿದವರು ಅವರು. ನೀವು ಎಸಿ ರೂಮಲ್ಲಿ ಕೂತು..."

ತಾನು ಅತಿಯಾಗಿ ಹೇಳಿದೆನೇನೋ ಎಂದು ಸುಮಿತ್ರಾಳಿಗೆ ಅನ್ನಿಸಿತು. ಆದರೂ ಕಾಲು ಕದಲಿಸಲಿಲ್ಲ.

ಗೇಬ್ರಿಯಲ್ ಎದ್ದು ಹೋಗಿ ಕಬ್ಬಿಣದ ಕಪಾಟಿನ ತಳದಿಂದ ಹಳೆಯ ಬನಿಯನ್ನಿನಲ್ಲಿ ಸುತ್ತಿದ ಒಂದು ಗಂಟು ತಂದ. ಅವಳ ಮುಂದೆ ಬಿಚ್ಚಿದ.

ಒಂದು ಪಿಸ್ಟನ್. ಮುಷ್ಟಿಯೊಳಗೆ ಅಡಗುವಷ್ಟು. ಅದರ ಮೈಯೆಲ್ಲ ಉಗುರಿನಿಂದ ಪರಚಿದಂತಿತ್ತು.

"ಇದನ್ನು ಅಕ್ಕನಿಗೂ ತೋರಿಸ್ಲಿಲ್ಲ. ಪೆಟ್ರೋಲ್ ಮುಗಿದು ಇಂಜಿನ್ ನಿಂತದ್ದು ಅಂತ ಪೊಲೀಸರು ಬರ್ದಿದ್ದಾರೆ. ಅಲ್ಲ. ನಾನು ಬಿಚ್ಚಿದಾಗ ಟ್ಯಾಂಕಲ್ಲಿ ಪೆಟ್ರೋಲ್ ಇತ್ತು. ಇಂಜಿನ್ ಸೀಜ್ ಆಗಿ, ಪಿಸ್ಟನ್ ಒಳಗೇ ಕಚ್ಚಿಕೊಂಡು ನಿಂತದ್ದು."

"ಯಾಕೆ?"

"ಆಯಿಲ್ ಇಲ್ಲದೆ. ಊರಲ್ಲಿ ಬಂಕಿಗೆ ಹೋದ್ರೆ ಸ್ಕೂಟರಿನವರು ಪೆಟ್ರೋಲಿಗೆ ಆಯಿಲ್ ಸೇರಿಸುದಿಲ್ವಾ? ಇದೂ ಅದೇ ಜಾತಿ, ಟೂ ಸ್ಟ್ರೋಕ್. ಟ್ಯಾಂಕಿನ ಮುಚ್ಚಳವೇ ಅಳತೆ. ಅದರಲ್ಲಿ ಅಳೆದು ಹಾಕ್ಲಿ ಅಂತ ಜಪಾನಿನವರು ಹಾಗೇ ಮಾಡಿಟ್ಟದ್ದು. ಆದ್ರೆ ಟ್ಯಾಂಕಲ್ಲಿ ಇದ್ದದ್ದು ಬರೀ ಪೆಟ್ರೋಲ್. ಮೂಸಿ ನೋಡಿದೆ. ಆಯಿಲಿನ ಪಸೆಯೇ ಇಲ್ಲ."

"ಅವಸರದಲ್ಲಿ ಮರೆತಿರಬಹುದು."

"ಭಾವನಾ?" ಅವನು ನಕ್ಕ. ನಗುತ್ತಲೇ ಕಣ್ಣು ತುಂಬಿತು. "ಮೂಡಬಿದಿರೆಯಲ್ಲಿ ಲ್ಯಾಂಬ್ರೆಟ್ಟಾ ಸ್ಕೂಟರ್ ಬಿಚ್ಚುತ್ತಾ ಮೀಸೆ ಬಂದವರು ಮೇಡಂ ಅವರು. ಸಾಯಬೇಕು ಅಂತಲೇ ಕೂತಿದ್ರೂ ಆಯಿಲ್ ಹಾಕದೆ ಆ ಗಾಡಿ ಸ್ಟಾರ್ಟ್ ಮಾಡ್ತಿರಲಿಲ್ಲ. ತನ್ನ ಜೀವ ಬೇಕಾದ್ರೆ ತೆಗೀತಿದ್ರು. ಅದರ ಜೀವ ತೆಗೀತಿರಲಿಲ್ಲ."

ಸುಮಿತ್ರಾ ಆ ಪಿಸ್ಟನ್ನನ್ನು ಕೈಗೆ ತೆಗೆದುಕೊಂಡಳು. ತಣ್ಣಗಿತ್ತು. ಇಷ್ಟು ವಾರಗಳಿಂದ ಸಿಸಿಲಿಯಾ ಕೇಳುತ್ತಿದ್ದ ಪ್ರಶ್ನೆಗೆ ಉತ್ತರ ಅವಳ ಅಂಗೈಯಲ್ಲಿತ್ತು.

"ಅಷ್ಟು ಪ್ರೀತಿಯೇ ಈ ಕಾರಿನ ಮೇಲೆ?"

"ಎಲ್ಲೆಲ್ಲೋ ಓದಿ, ಯಾರ್ಯಾರನ್ನೋ ಕೇಳಿ ಅದರ ಕಥೆ ಎಲ್ಲ ತಿಳ್ಕೊಂಡಿದ್ರು. ಅದನ್ನು ಮಾಡಿದವರು ಮುಂಚೆ ವಿಮಾನ ಮಾಡ್ತಿದ್ದವರಂತೆ. ಯುದ್ಧ ಸೋತ ಮೇಲೆ ಇನ್ನು ವಿಮಾನ ಮಾಡ್ಬಾರ್ದು ಅಂತ ಆಯ್ತು. ಆಗ ಅವರು ಎಂತ ಮಾಡಿದ್ರು ಗೊತ್ತುಂಟಾ? ಉಳಿದಿದ್ದ ಬಾಂಬರ್ ವಿಮಾನದ ಬಾಲದ ಚಕ್ರ ಹಾಕಿ ಸ್ಕೂಟರ್ ಮಾಡಿದ್ರು. ಸ್ಕೂಟರ್ ಮಾಡಿ ಹೊಟ್ಟೆ ಹೊರೆದರು. ಆಮೇಲೆ ಐವತ್ತೆಂಟರಲ್ಲಿ ಈ ಕಾರು."

ಅವನು ಮುಂದಿನ ಶೆಡ್ಡಿನ ಕಡೆ ನೋಡಿದ. ಶಟರ್ ಎಳೆದಿದ್ದರಿಂದ ಕಾರು ಕಾಣುತ್ತಿರಲಿಲ್ಲ.

"ತಗಡು ತೆಳ್ಳಗೆ, ಮೇಲಿನ ಮಾಡು ಫೈಬರಿಂದು. ಎಲ್ಲ ವಿಮಾನದ ಲೆಕ್ಕ, ಭಾರ ಆಗ್ಬಾರ್ದು ಅಂತ. ಮನೆ ಮಂದಿ ನಾಲ್ಕು ಜನ ಕೂತು ಹೋಗುವಷ್ಟು ಜಾಗ, ಅಷ್ಟೇ. ಅಲ್ಲಿನವರು ಗುಲಗಂಜಿ ಹುಳ ಅಂತ ಕರೀತಿದ್ರಂತೆ. ‘ಆಕಾಶ ಕಳಕೊಂಡವರು ಮಾಡಿದ ಕಾರು ಗೇಬ್ರಿ ಇದು’ ಅಂತ ಭಾವ ಹೇಳುದು. ‘ನಾವೂ ಹಾಗೇ ಅಲ್ವಾ? ಊರಲ್ಲಿ ಎಂತದೋ ಆಗ್ಬೇಕು ಅಂತಿದ್ದವರು, ಇಲ್ಲಿ ಬಂದು ಎಂತದೋ ಆದವರು.’ ಸ್ಟಿಯರಿಂಗ್ ತೆಗೆದ ದಿನ ನನಗೆ ಊಟ ಇಳಿಲಿಲ್ಲ ಮೇಡಂ."

"ಅದು ಓಡುವುದನ್ನು ನೀವು ನೋಡಿದ್ದಿರಾ?"

"ಎಲ್ಲಿ! ಡಬ್ಬದ ಹಾಗೆ ಬಂದದ್ದು ಜಪಾನಿಂದ, ಇಂಜಿನ್ ತುಕ್ಕು ಹಿಡಿದು. ಒಂದು ವರ್ಷ ಬಿಚ್ಚಿ ಕೂಡಿಸಿದ್ರು. ಆ ಶುಕ್ರವಾರದವರೆಗೆ ಒಮ್ಮೆಯೂ ಸ್ಟಾರ್ಟ್ ಆಗ್ಲಿಲ್ಲ. ಆದ ದಿನವೇ ಹೀಗೆ. ಅಷ್ಟು ಕಾದು ನಾನು ಅದರ ಸದ್ದು ಕೇಳ್ಲಿಲ್ಲ. ಇನ್ನು ಕೇಳುವ ಹಾಗೂ ಇಲ್ಲ. ಅದರ ಪಿಸ್ಟನ್ ಎಲ್ಲಿ ಸಿಗ್ತದೆ? ಈಗ ಬರೀ ತೋರಿಸ್ಲಿಕ್ಕೆ ಇಟ್ಟದ್ದು."

ಸುಮಿತ್ರಾ ಯೋಚಿಸುತ್ತಾ ಹೇಳಿದಳು. "ಹಾಗಾದರೆ ಪೆಟ್ರೋಲ್ ಹಾಕಿದವರಿಗೆ ಆಯಿಲ್ ವಿಷಯ ಗೊತ್ತಿರಲಿಲ್ಲ."

"ಊರಿನ ಯಾರೂ ಈ ತಪ್ಪು ಮಾಡುದಿಲ್ಲ. ಮನೆಮನೆಯಲ್ಲಿ ಸ್ಕೂಟರ್ ನೋಡಿ ಬೆಳೆದವರು ನಾವು. ಇಲ್ಲೇ ಹುಟ್ಟಿ ಬೆಳೆದವರಿಗೆ..." ಅವನು ತಟ್ಟನೆ ಬಾಯಿ ಮುಚ್ಚಿದ.

"ಆ ಮುಚ್ಚಳ ಎಲ್ಲಿದೆ?"

"ಇರ್ಲಿಲ್ಲ. ಟ್ಯಾಂಕಿನ ಬಾಯಿ ತೆರೆದೇ ಇತ್ತು."

"ಹುಡುಕಿದಿರಾ?"

ಗೇಬ್ರಿಯಲ್ ಪಿಸ್ಟನ್ನನ್ನು ಅವಳ ಕೈಯಿಂದ ತೆಗೆದುಕೊಂಡು ಮತ್ತೆ ಬನಿಯನ್ನಿನಲ್ಲಿ ಸುತ್ತತೊಡಗಿದ. ಮುಖ ಎತ್ತಲಿಲ್ಲ.

"ಭಾವ ಜೀವ ತೆಗೆದುಕೊಳ್ಳಲಿಲ್ಲ ಅಂತ ಅಕ್ಕನಿಗೆ ಹೇಳಿ. ಅಷ್ಟು ಸಾಕು. ಮುಚ್ಚಳ ಹುಡುಕ್ಬೇಡಿ ಮೇಡಂ."

*

ಸಂಜೆ ಹಮ್ದಾನ್ ಸ್ಟ್ರೀಟಿನಲ್ಲಿ ಅಂಗಡಿಗಳ ದೀಪ ಹತ್ತುವ ಹೊತ್ತಿಗೆ ಸುಮಿತ್ರಾ ಸಿಸಿಲಿಯಾಳ ಮನೆಯ ಸೋಫಾದಲ್ಲಿ ಕೂತಿದ್ದಳು. ಯೇಸುವಿನ ಪಟದ ಕೆಳಗೆ ಫೆಲಿಕ್ಸನ ಪಟ. ಅದರ ಮುಂದೆ ಮೇಣದ ಬತ್ತಿ ಇತ್ತು, ಹಚ್ಚಿರಲಿಲ್ಲ.

ಸಿಸಿಲಿಯಾ ಡ್ಯೂಟಿಯಿಂದ ಬಂದು ಬಿಳಿ ಬಟ್ಟೆಯನ್ನೂ ಬದಲಿಸದೆ ಎದುರು ಕೂತು ಕೇಳಿಸಿಕೊಂಡಳು. ಪಿಸ್ಟನ್ನಿನ ಮಾತು, ಆಯಿಲಿನ ಮಾತು, ಎಡಗಡೆಯ ಸೀಟಿನ ಮಾತು. ಕೊನೆಗೆ ಕೇಳಿದಳು.

"ಹಾಗಾದ್ರೆ ಬಿಟ್ಟು ಹೋದದ್ದಲ್ಲ."

"ಅಲ್ಲ."

"ಇನ್ನೊಮ್ಮೆ ಹೇಳಿ."

"ಅಲ್ಲ ಸಿಸಿಲಿಯಾ. ಅವರು ನಿಮ್ಮನ್ನು ಬಿಟ್ಟು ಹೋಗಲಿಲ್ಲ."

ಸಿಸಿಲಿಯಾ ಎದ್ದು ಬೆಂಕಿಪೊಟ್ಟಣ ಹುಡುಕಿದಳು. ಮೊದಲ ಕಡ್ಡಿ ಮುರಿಯಿತು. ಎರಡನೆಯದು ಹತ್ತಿತು. ಬತ್ತಿ ಹಚ್ಚಿ ಪಟದ ಮುಂದೆ ನಿಂತು, ಯಾರನ್ನೋ ಗದರಿಸುವಂತೆ, "ಒಂದು ಮಾತು ಕನಸಿಗೆ ಬಂದಾದ್ರೂ ಹೇಳ್ಲಿಕ್ಕೆ ಆಗ್ಲಿಲ್ವಾ ನಿಮಗೆ?" ಎಂದಳು. ಆಮೇಲೆ ಸೆರಗಿಲ್ಲದ ಬಟ್ಟೆಯ ತೋಳಿನಿಂದಲೇ ಮುಖ ಒರೆಸಿಕೊಂಡಳು.

ಅಡುಗೆಮನೆಯಿಂದ ಮಗಳು ಲವಿಟಾ ಚಹಾ ತಂದಳು. ದುಬೈಯ ಹೋಟೆಲೊಂದರಲ್ಲಿ ರಿಸೆಪ್ಷನಿಸ್ಟ್. ಅಪ್ಪ ಸತ್ತ ಮೇಲೆ ರಜೆ ಹಾಕಿ ತಾಯಿಯ ಜೊತೆಗಿದ್ದಳು. ಟ್ರೇ ಇಡುವಾಗ ಕಪ್ಪುಗಳು ಒಂದಕ್ಕೊಂದು ತಾಗಿ ಸದ್ದಾಯಿತು.

"ಲವಿ, ಕೇಳಿದೆಯಾ? ಯಾರೋ ಪೆಟ್ರೋಲ್ ಹಾಕಿದ್ದಂತೆ. ಪಪ್ಪನ ಪಕ್ಕದಲ್ಲಿ ಯಾರೋ ಕೂತಿದ್ರಂತೆ." ಸಿಸಿಲಿಯಾ ಸುಮಿತ್ರಾಳ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ಈಗ ಬೇರೆಯೇ ಬೆಳಕಿತ್ತು. "ಅದು ಯಾರೇ ಆಗ್ಲಿ ಮೇಡಂ, ಹೆಸರು ಬರೀರಿ. ಬಿಡ್ಬೇಡಿ. ಅವರನ್ನು ಹಾಗೆ ಬಿಟ್ಟು ಎದ್ದು ಹೋದವರ ಮುಖ ನಾನು ನೋಡ್ಬೇಕು."

ಲವಿಟಾ ನೆಲ ನೋಡುತ್ತಿದ್ದಳು.

"ಮೊದಲು ರೊಸಲಿನ್‌ಗೆ ಫೋನ್ ಮಾಡ್ತೇನೆ," ಎಂದು ಸಿಸಿಲಿಯಾ ಒಳಕೋಣೆಗೆ ಹೋದಳು. "ಅವಳಿಗೇ ಮೊದಲು ಹೇಳ್ಬೇಕು ನನಗೆ."

ಬಾಗಿಲು ಅರ್ಧ ಮುಚ್ಚಿಕೊಂಡಿತು. ಡಯಲ್ ಮಾಡುವ ಸದ್ದು ಕೇಳಿಸಿತು.

"ಆಂಟಿ," ಎಂದಳು ಲವಿಟಾ, ಪಿಸುದನಿಯಲ್ಲಿ. "ಕ್ಯಾನ್ ಐ ಆಸ್ಕ್ ಯು ಸಮ್‌ಥಿಂಗ್?"

"ಕೇಳಮ್ಮ."

"ಆ ಕಾರಿಗೆ... ಆಯಿಲ್ ಬೇರೆ ಹಾಕ್ಬೇಕಿತ್ತಾ?"

ಸುಮಿತ್ರಾಳ ಕೈಯಲ್ಲಿದ್ದ ಕಪ್ಪು ತುಟಿಯ ಹತ್ತಿರವೇ ನಿಂತಿತು.

ಲವಿಟಾ ಜೀನ್ಸಿನ ಜೇಬಿನಿಂದ ಒಂದು ಲೋಹದ ಮುಚ್ಚಳ ತೆಗೆದು ಅಂಗೈಯಲ್ಲಿಟ್ಟು ಚಾಚಿದಳು. ಹಿಡಿದು ಹಿಡಿದು ಅದರ ಅಂಚು ಹೊಳೆಯುತ್ತಿತ್ತು.

"ಐ ಡಿಡಂಟ್ ನೋ, ಆಂಟಿ. ನಮ್ಮ ಮನೇಲಿ ಸ್ಕೂಟರ್ ಇರ್ಲೇ ಇಲ್ಲ."

"ನೀನು ಅವತ್ತು ದುಬೈಯಲ್ಲಿ..."

"ಹಾಗೆ ಹೇಳಿದ್ದೆ. ಪಪ್ಪ ಫೋನ್ ಮಾಡಿದ್ರು. ಇವತ್ತು ಸ್ಟಾರ್ಟ್ ಆಗ್ತದೆ, ಬಾ, ಮಮ್ಮಿಗೆ ಹೇಳ್ಬೇಡ, ಅವಳನ್ನು ಕೂರಿಸಿಯೇ ಸರ್‌ಪ್ರೈಸ್ ಮಾಡುವ ಅಂತ. ಫ್ರೆಂಡ್ ಕಾರಲ್ಲಿ ಬಂದೆ. ಮೊದಲು ಕೆಮ್ಮಿತು, ಕೆಮ್ಮಿತು, ಲೈಕ್ ಎ ಸಿಕ್ ಓಲ್ಡ್ ಮ್ಯಾನ್. ಆಮೇಲೆ ಹಿಡೀತು. ಪಪ್ಪ ಅತ್ತರು ಆಂಟಿ. ಐ ಹ್ಯಾಡ್ ನೆವರ್ ಸೀನ್ ಹಿಮ್ ಕ್ರೈ. ‘ನೀನು ಡ್ರೈವರ್, ನಾನು ಪ್ಯಾಸೆಂಜರ್’ ಅಂತ ನನ್ನನ್ನು ಬಲಗಡೆ ಕೂರಿಸಿದ್ರು. ಶೆಡ್ಡಿನ ಒಳಗೇ ಮುಂದೆ ಹೋದೆವು, ಹಿಂದೆ ಬಂದೆವು. ಅಷ್ಟೇ."

ಅವಳು ಉಸಿರು ಎಳೆದುಕೊಂಡಳು.

"ಆಮೇಲೆ ಪೆಟ್ರೋಲ್ ಮುಗಿದು ನಿಂತಿತು. ಪಪ್ಪನಿಗೆ ತಲೆನೋವು, ಕಣ್ಣು ಮುಚ್ಚಿ ಕೂತಿದ್ರು. ಇರು, ನಾನು ಹಾಕ್ತೇನೆ ಅಂದ್ರು. ನಾನೇ ಇಳಿದು ಹಿಂದೆ ಹೋಗಿ ಕ್ಯಾನಿನಿಂದ ಹಾಕಿದೆ. ಮುಚ್ಚಳ ಜೇಬಲ್ಲೇ ಉಳಿಯಿತು. ಪುನಃ ಸ್ಟಾರ್ಟ್ ಮಾಡಿದೆ. ಹೊರಗೆ ಫ್ರೆಂಡ್ ಹಾರ್ನ್ ಮಾಡ್ತಿದ್ದಳು. ಆಫ್ ಮಾಡ್ಲಾ ಪಪ್ಪ ಅಂತ ಕೇಳಿದೆ. ‘ಇರ್ಲಿ ಬಿಡು, ಇನ್ನೂ ಸ್ವಲ್ಪ ಕೇಳ್ತೇನೆ’ ಅಂದ್ರು."

ಒಳಕೋಣೆಯಿಂದ ಸಿಸಿಲಿಯಾಳ ದನಿ ಕೇಳಿಸುತ್ತಿತ್ತು. ಅಳುವೋ ನಗುವೋ ತಿಳಿಯುವಂತಿರಲಿಲ್ಲ. "ಇಲ್ಲ ರೊಸಲಿನ್, ನಾನು ಹೇಳ್ಲಿಲ್ವಾ ನಿನಗೆ..."

"ಶಟರ್?" ಸುಮಿತ್ರಾ ಕೇಳಿದಳು. "ಹೋಗುವಾಗ ನೀನು ಶಟರ್ ಎಳೆದೆಯಾ?"

"ಇಲ್ಲ! ಪೂರ್ತಿ ಓಪನ್ ಇತ್ತು. ಹೊಗೆ ಹೋಗ್ಲಿ ಅಂತ ಪಪ್ಪನೇ ಎತ್ತಿದ್ದು. ಶಟರ್ ಕೆಳಗಿತ್ತು ಅಂತ ಎಲ್ರೂ ಹೇಳಿದಾಗ, ನಾನು ಹೋದ ಮೇಲೆ ಪಪ್ಪನೇ ಎಳ್ಕೊಂಡ್ರು ಅಂದ್ಕೊಂಡೆ. ಅಷ್ಟು ಖುಷಿಯಲ್ಲಿದ್ದವರು ಯಾಕೆ ಹಾಗೆ ಮಾಡಿದ್ರು, ನಾನು ಎಂತ ಹೇಳಿಬಿಟ್ಟೆ ಅವರಿಗೆ, ಅಂತ ದಿನಾ ನೆನಪು ಮಾಡ್ಕೊಳ್ತೇನೆ. ಒಂದೊಂದೇ ಮಾತು."

"ಅಲ್ಲಿ ಬೇರೆ ಯಾರಾದರೂ ಇದ್ದರಾ?"

"ಯಾರೂ ಇಲ್ಲ. ಶುಕ್ರವಾರ ರಜೆ ಅಲ್ವಾ. ಶಾಮ್ ಅಂಕಲ್ ಕೂಡ ಇರ್ಲಿಲ್ಲ."

ಸುಮಿತ್ರಾ ಕಪ್ಪನ್ನು ಕೆಳಗಿಟ್ಟಳು.

ಆ ಇಂಜಿನ್ ಓಡಿದ್ದು ಒಂದೇ ಸಂಜೆ. ಅದೇ ಸಂಜೆ ಸತ್ತಿತು. ಅದಕ್ಕೆ ಮೊದಲು ಆ ಸದ್ದು ಯಾರೂ ಕೇಳಿರಲಿಲ್ಲ, ಆಮೇಲೆ ಯಾರೂ ಕೇಳುವಂತಿರಲಿಲ್ಲ. ಸ್ವಂತ ಭಾಮೈದನೇ ಕೇಳಿರಲಿಲ್ಲ. ಕೇಳಿದವರು ಒಳಗಿದ್ದ ತಂದೆ, ಮಗಳು.

ಮತ್ತೆ, ಗುರುವಾರವೇ ಮಿರ್ದಿಫ್‌ಗೆ ಹೋಗಿದ್ದೆ ಎಂದ ಮನುಷ್ಯ. ಬೆಳಿಗ್ಗೆ ಕಾಫಿ ಬಗ್ಗಿಸುತ್ತಾ ಅವರು ಆಡಿದ ಮಾತು ಅವಳ ಕಿವಿಗೆ ಮತ್ತೆ ಬಂತು. ನನ್ನ ಹತ್ರ ಒಂದು ಹಳೇ ಚೇತಕ್ ಇತ್ತು. ಥೇಟ್ ಅದೇ. ಮೊದ್ಲು ಕೆಮ್ಮಿ ಕೆಮ್ಮಿ, ಆಮೇಲೆ ಹಿಡ್ಕೊಳ್ಳುತ್ತೆ.

ಆ ಕೆಮ್ಮನ್ನು ಕೇಳಬೇಕಾದರೆ ಅದು ಸ್ಟಾರ್ಟ್ ಆಗುವ ಹೊತ್ತಿಗೇ ಅಲ್ಲಿರಬೇಕು. ಲವಿಟಾ ಹೊರಟು ಹೋಗುವವರೆಗೂ ಅವಳ ಕಣ್ಣಿಗೆ ಬೀಳದೆ ಇರಬೇಕು.

ತಲೆ ಎತ್ತದೆ ಕೊಕ್ಕೆ ಸಿಕ್ಕಿಸುವ ಆ ಕೈ ಕಣ್ಣ ಮುಂದೆ ಬಂತು. ಮರಳು ನುಗ್ಗುತ್ತದೆಂದು, ಒಳಗೆ ನೋಡದೆ ಎಳೆದುಬಿಟ್ಟರೇ? ಓಡುತ್ತಿರುವ ಇಂಜಿನ್ನಿನ ಸದ್ದು ಕೇಳಿಯೂ? ಇಲ್ಲ, ನೋಡಿಯೇ ಎಳೆದರೇ?

ಸಿಸಿಲಿಯಾ ಕಣ್ಣೊರೆಸಿಕೊಳ್ಳುತ್ತಾ ಹೊರಬಂದಳು. ಲವಿಟಾಳ ಮುಷ್ಟಿ ಮುಚ್ಚಿಕೊಂಡಿತು.

"ಭಾನುವಾರ ನನ್ನ ಜೊತೆ ಕೂರ್ತಾಳಂತೆ ರೊಸಲಿನ್," ಎಂದಳು ಸಿಸಿಲಿಯಾ. ಆಮೇಲೆ ಸುಮಿತ್ರಾಳ ಮುಖ ನೋಡಿ, "ಎಂತ ಮೇಡಂ? ಹೆಸರು ಸಿಕ್ಕಿತಾ?"

ಸುಮಿತ್ರಾ ಬಾಯಿ ತೆರೆಯುವ ಮೊದಲೇ ಕರೆಗಂಟೆ ಸದ್ದು ಮಾಡಿತು.

"ಅದು ಶಾಮಣ್ಣ," ಎಂದಳು ಸಿಸಿಲಿಯಾ. "ಫೆಲಿಕ್ಸ್ ಹೋದಲ್ಲಿಂದ ವಾರ ತಪ್ಪದೆ ಹಣ್ಣು ಹಿಡ್ಕೊಂಡು ಬರ್ತಾರೆ, ಪಾಪ. ಪಟದ ಮುಂದೆ ಕೂತು ಒಂದು ಮಾತೂ ಆಡದೆ ಎದ್ದು ಹೋಗ್ತಾರೆ. ಲವಿ, ಬಾಗಿಲು ತೆಗಿ."

ಮುಚ್ಚಳವನ್ನು ಮುಷ್ಟಿಯಲ್ಲಿ ಹಿಡಿದೇ ಲವಿಟಾ ಬಾಗಿಲಿನ ಕಡೆ ನಡೆದಳು.